ಮೋರಿಗೆ ತೆತ್ತ ಜಡೆ

ಚಳ್ಳಕೆರೆಯ ನಮ್ಮ ಮನೆಯ ಬಚ್ಚಲ ಮೋರಿ ಕಟ್ಟಿಕೊಳ್ಳುವ ಮುಂಚೆ ಎರಡು ದಿನ ಸೂಚನೆ ಕೊಡುತ್ತಿತ್ತು. ಮೊದಲ ದಿನ ನೀರು ಇಳಿಯುವಾಗ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ ಗುಳಕ್ ಅನ್ನುವುದು. ಎರಡನೆಯ ದಿನ ಜಾಲರಿಯ ಸುತ್ತ ಸೋಪಿನ ನೊರೆ ನಿಂತು, ಮಧ್ಯಾಹ್ನದ ಹೊತ್ತಿಗೆ ಒಣಗಿ ಬಿಳಿ ಗೆರೆಯಾಗುವುದು. ಮೂರನೆಯ ದಿನ, ಕೊನೆಗೆ ಸ್ನಾನಕ್ಕೆ ಹೋದವರ ಪಾದ ಮುಳುಗುವುದು. ಮನೆಯಲ್ಲಿ ಕೊನೆಗೆ ಸ್ನಾನಕ್ಕೆ ಹೋಗುತ್ತಿದ್ದವಳು ನಾನು.

ನಮ್ಮ ಯಜಮಾನರು ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತರು. ಮದುವೆಯಾದ ಎರಡನೆಯ ವರ್ಷ ಈ ಮನೆ ಕಟ್ಟಿಸಿದರು. ತೊಂಬತ್ತರ ದಶಕ ಇನ್ನೂ ಅರ್ಧ ಕಳೆದಿರಲಿಲ್ಲ. ಗೋಡೆ, ತಾರಸಿ ಎಲ್ಲ ಆಗಿ, ಹಿಂದಿನ ಬಚ್ಚಲು ಮತ್ತು ಅದರ ಮೋರಿಯ ಕೆಲಸ ಬಾಕಿ ಇರುವಾಗ ನಾನು ಚೊಚ್ಚಲ ಹೆರಿಗೆಗೆ ತವರು ಮೊಳಕಾಲ್ಮುರಿಗೆ ಹೋದೆ. ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಅತ್ತೆ ಎರಡು ದಿನ ಮುಂಚೆಯೇ ಬಂದರು. ಇವರು ಮಾತ್ರ ಶಾಸ್ತ್ರದ ದಿನ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಬಂದರು. “ಮಿಲ್ಲಲ್ಲಿ ಕೆಲ್ಸ ಇತ್ತು” ಅಂದರು. ಉಗುರಿನ ಸಂದಿಯಲ್ಲಿ ಸಿಮೆಂಟು ಇತ್ತು. ಹೊಸ ಮನೆ ಕಟ್ಟಿಸುವವರು, ಇರುತ್ತದೆ ಅಂದುಕೊಂಡೆ. ಇಂಥ ಸಣ್ಣಪುಟ್ಟದ್ದೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ, ಮನಸ್ಸಿನಲ್ಲೂ ಉಳಿಯುತ್ತದೆ. ಏನು ಬಂತು, ಆ ಸಿಮೆಂಟನ್ನು ಎಲ್ಲಿಗೆ ಸೇರಿಸಿ ನೋಡಬೇಕು ಅಂತ ತಿಳಿಯುವುದಕ್ಕೆ ನನಗೆ ಒಂಬತ್ತು ವರ್ಷ ಹಿಡಿಯಿತು.

ನನ್ನ ಕೂದಲಿನ ಮಾತು ಇಲ್ಲೇ ಹೇಳಬೇಕು. ಮದುವೆಯಾದಾಗ ಜಡೆ ಮಂಡಿಯ ಹಿಂಭಾಗ ಮುಟ್ಟುತ್ತಿತ್ತು. ಅದು ನನಗಿಂತ ಹೆಚ್ಚು ನಮ್ಮವ್ವನದು. ನಮ್ಮ ಬೀದಿಯಲ್ಲಿ ಮನೆಮನೆಗೂ ರೇಷ್ಮೆ ಸೀರೆಯ ಮಗ್ಗ; ನೂಲಿನ ಸಿಕ್ಕು ಬಿಡಿಸಿ ಬಿಡಿಸಿ ಅವ್ವನ ಬೆರಳಿಗೆ ಒಂದು ತಾಳ್ಮೆ ಬಂದಿತ್ತು. ಅದೇ ಬೆರಳಿನಲ್ಲಿ ನನ್ನ ತಲೆ ಬಾಚುವಳು. “ಸಿಕ್ಕು ಬಿದ್ರೆ ಎಳೀಬಾರ್ದು, ಕೊಯ್ಯಬಾರ್ದು. ಕೂತ್ಕಂಡು ಬಿಡಿಸ್ಬೇಕು” ಅನ್ನುವಳು. ಶನಿವಾರ ಎಣ್ಣೆ, ಸೀಗೆಪುಡಿ, ಆಮೇಲೆ ಬಿಸಿಲಿಗೆ ಬೆನ್ನು ಮಾಡಿ ಕೂರುವುದು. ಗಂಡಿನ ಕಡೆಯವರು ನೋಡಲು ಬಂದಾಗ ಅತ್ತೆ ನನ್ನ ಮುಖಕ್ಕಿಂತ ಮೊದಲು ಜಡೆಯನ್ನೇ ನೋಡಿ, “ನಿಜವಾದ್ದೇನವ್ವಾ?” ಅಂತ ಕೈಯಲ್ಲಿ ಹಿಡಿದು ತೂಗಿದ್ದರು.

ಐದು ತಿಂಗಳ ಕೂಸನ್ನು ಎತ್ತಿಕೊಂಡು ಚಳ್ಳಕೆರೆಗೆ ಬಂದೆ. ಬಾಣಂತಿಯರಿಗೆ ಕೂದಲು ಉದುರುವ ಕಾಲ ಅದು. ಬಾಚಣಿಗೆ ಇಟ್ಟರೆ ಹಿಡಿ ಹಿಡಿ ಬರುತ್ತಿತ್ತು. ಬಂದ ಮೂರನೆಯ ವಾರ ಬಚ್ಚಲು ಕಟ್ಟಿಕೊಂಡಿತು. ಇವರು ಪಂಚೆ ಎತ್ತಿ ಕಟ್ಟಿ, ಕಬ್ಬಿಣದ ತಂತಿಯ ತುದಿ ಕೊಕ್ಕೆಯ ಹಾಗೆ ಬಗ್ಗಿಸಿ ಒಳಗೆ ಬಿಟ್ಟು ತಿರುವಿ ತಿರುವಿ ಎಳೆದರು. ಕಂದು ಬಣ್ಣದ ಒಂದು ಮುದ್ದೆ ಬಂತು, ಅಂಟಂಟು, ತುಂಬ ಕೂದಲು. ತಂತಿಯನ್ನು ಹಾಗೇ ಹಿಡಿದುಕೊಂಡು ಪಡಸಾಲೆಗೆ ಹೋಗಿ ತಾಯಿಗೆ ತೋರಿಸಿದರು.

“ನೋಡವ್ವ, ಕೂದ್ಲು.”

ಅತ್ತೆ ಅಕ್ಕಿ ಆರಿಸುತ್ತಿದ್ದರು. ಕನ್ನಡಕದ ಮೇಲಿಂದ ನೋಡಿದರು. “ಸೀಗೆಪುಡಿ ಬ್ಯಾರೆ ಹಂಗೇ ಕೂತೈತೆ. ಅಲ್ಲ ಕಣೇ, ಅಷ್ಟುದ್ದ ಬೆಳೆಸ್ಕಂಡ ಮೇಲೆ ಹೋದದ್ದನ್ನ ಹೆಕ್ಕಿ ಹಾಕಕ್ಕೆ ಏನು ರೋಗ? ಹೊಸ ಮನಿ, ಹೊಸ ಬಚ್ಚಲು!”

ನಾನು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದೆ. ಕೂದಲು ನನ್ನದೇ. ಸೀಗೆಪುಡಿಯ ಬಣ್ಣವೂ ಅದೇ.

ಅವತ್ತಿನಿಂದ ನನ್ನ ಸ್ನಾನಕ್ಕೆ ಒಂದು ಶಿಸ್ತು ಬಂತು. ಮೊದಲು ಹಿತ್ತಲಲ್ಲಿ ಕೂತು ಒಣಗೂದಲನ್ನು ಪೂರ್ತಿ ಬಾಚಿಕೊಳ್ಳುವುದು, ಬಂದದ್ದನ್ನು ಬೆರಳಿಗೆ ಸುತ್ತಿ ಗೋಡೆಯ ಗೂಡಿನಲ್ಲಿಡುವುದು. ಹಳೆಯ ಮಲ್ಲು ಪಂಚೆಯ ತುಂಡೊಂದನ್ನು ಜಾಲರಿಯ ಮೇಲೆ ಹಾಸುವುದು. ಸ್ನಾನವಾದ ಮೇಲೆ ಅದನ್ನು ಎತ್ತಿ ಕೂದಲು ಬಿಡಿಸಿ ಒಗೆದು ಒಣಹಾಕುವುದು. ಗೂಡು ತುಂಬಿದಾಗ “ಕೂದ್ಲಿಗೆ ಸ್ಟೀಲ್ ಪಾತ್ರೇ” ಅಂತ ಕೂಗಿಕೊಂಡು ಬರುವವಳಿಗೆ ಕೊಡುತ್ತಿದ್ದೆ. ಎಷ್ಟೋ ಸಲ ಕೊಟ್ಟ ಮೇಲೆ ಒಂದು ಲೋಟ ಬಂತು. ಅತ್ತೆ ಅದರಲ್ಲೇ ಕಾಫಿ ಕುಡಿಯುತ್ತ, “ನಿನ್ ತಲಿಯಿಂದ ಇದೊಂದಾದ್ರೂ ಬಂತು ಬಿಡು” ಅಂತ ನಗುವರು. ನಾನೂ ನಗುತ್ತಿದ್ದೆ. ಅತ್ತೆ ಕೆಟ್ಟವರಲ್ಲ. ಬಾಯಿ ಜೋರು, ಕೈ ಧಾರಾಳ.

ಆದರೆ ಮೋರಿ ಮತ್ತೆ ಕಟ್ಟಿಕೊಂಡಿತು. ತಿಂಗಳಿಗೊಮ್ಮೆ, ಕೆಲವು ಸಲ ಇಪ್ಪತ್ತು ದಿನಕ್ಕೆ. ಇವರು ತಂತಿ ಬಿಡುವರು, ಕಂದು ಮುದ್ದೆ ಬರುವುದು, ಅದರಲ್ಲಿ ನಾಲ್ಕು ಕೂದಲಾದರೂ ಇರುವುದು. ಎಷ್ಟು ಸೋಸಿದರೂ ನಾಲ್ಕು ಕೂದಲು ತಪ್ಪಿಸಿಕೊಂಡು ಹೋಗುತ್ತವೆ. ಆ ನಾಲ್ಕೇ ಸಾಕಾಗುತ್ತಿದ್ದವು. ಇವರು ಬೈಯುತ್ತಿರಲಿಲ್ಲ, ಅದನ್ನು ಒಪ್ಪಬೇಕು. “ಏನ್ ಮಾಡಾದು, ಹೆಣ್ಮಕ್ಳಿರೋ ಮನಿ” ಅಂತ ಕೈ ತೊಳೆದುಕೊಂಡು ಮಿಲ್ಲಿಗೆ ಹೋಗುವರು. ನನ್ನ ಪರವಾಗಿ ಮಾತಾಡಿದರು ಅಂತ ನಾನು ಸಮಾಧಾನಪಡುತ್ತಿದ್ದೆ.

ಸಮಾಧಾನದ ಇನ್ನೊಂದು ಜಾಗ ಪಕ್ಕದ ಮನೆ. ನಾನು ಹೆರಿಗೆಗೆ ಹೋಗುವಾಗ ಖಾಲಿ ಇದ್ದ ಮನೆಗೆ, ಬರುವಷ್ಟರಲ್ಲಿ ಒಂದು ಸಂಸಾರ ಬಂದಿತ್ತು. ಆ ಮನೆಯಾಕೆ ರಾಯದುರ್ಗದ ಕಡೆಯವಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ನಾನು ಅಕ್ಕ ಅಂತಿದ್ದೆ, ಅವಳು ನನ್ನನ್ನು ಚೆಲ್ಲಿ ಅನ್ನುವಳು, ತೆಲುಗಿನಲ್ಲಿ ತಂಗಿ. ಮೊಳಕಾಲ್ಮುರಿನವರಿಗೆ ತೆಲುಗು ಹೇಗೂ ಬರುತ್ತದೆ, ಅತ್ತೆಗೆ ಬರುತ್ತಿರಲಿಲ್ಲ. ಹಿತ್ತಲ ಗೋಡೆಯ ಆಚೆ ಈಚೆ ನಿಂತು ನಾವಿಬ್ಬರೂ ತೆಲುಗಿನಲ್ಲಿ ಎಷ್ಟು ಗುಟ್ಟು ಮಾತಾಡಿದ್ದೇವೋ ಲೆಕ್ಕವಿಲ್ಲ. ಅವಳ ಜೊತೆ ನನ್ನ ಮಾತೆಲ್ಲ ತೆಲುಗೇ, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ ಅಷ್ಟೆ. ಅಕ್ಕನ ಕಸುಬು ಕಂಬಳಿ ನೇಯುವವರಿಗೆ ಗಂಜಿ ಮಾಡಿಕೊಡುವುದು. ಉಣ್ಣೆಯ ನೂಲು ಮಗ್ಗಕ್ಕೆ ಏರುವ ಮುಂಚೆ ಬಿಗಿಯಾಗಲಿ ಅಂತ ಹುಣಸೆ ಬೀಜದ ಗಂಜಿ ಕೊಡಬೇಕು. ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಹಾಕಿ, ರುಬ್ಬಿ, ದೊಡ್ಡ ಕೊಳಗದಲ್ಲಿ ಶೇಂಗಾ ಹೊಟ್ಟಿನ ಉರಿಯ ಮೇಲೆ ಕುದಿಸುವಳು. ವಾರಕ್ಕೆ ಎರಡು ದಿನ ಇಡೀ ಹಿತ್ತಲಿಗೆ ಹುರಿದ ಹುಣಸೆ ಬೀಜದ ವಾಸನೆ. ನನಗೆ ಅದು ಇಷ್ಟವಾಗಿತ್ತು.

“ನಿಮ್ಮ ಕೊಳಗ ತೊಳೆದ ನೀರು ಎಲ್ಲಿಗೆ ಹೋಗುತ್ತಕ್ಕಾ? ನಿಮಗೆ ಮೋರಿ ಕಟ್ಕಳಲ್ವಾ?” ಅಂತ ಒಮ್ಮೆ ಕೇಳಿದ್ದೆ.

“ನಮ್ದು ಹಿಂದ್ಗಡೆ ಖಾಲಿ ಸೈಟಿಗೆ ಹೋಗ್ತೈತೆ ಚೆಲ್ಲೀ” ಅಂದಳು. ಕೊಳಗದ ತಳ ಕೆರೆಯುತ್ತ ಅಂದಳು, ತಲೆ ಎತ್ತಲಿಲ್ಲ.

ಮೋರಿ ಕಟ್ಟಿಕೊಂಡ ದಿನ ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಗುವುದು. ಬಂದು, ಸೆರಗು ಸಿಕ್ಕಿಸಿ, ನನ್ನ ಜೊತೆ ಬಗ್ಗಿ ತಂತಿ ಆಡಿಸುವಳು. “ಏಮಿ ಚೇಸ್ತಾಂ ಚೆಲ್ಲೀ” ಅನ್ನುವಳು, ಏನು ಮಾಡೋದು ತಂಗಿ ಅಂತ. ಕುದಿಯುವ ನೀರಿಗೆ ವಾಷಿಂಗ್ ಸೋಡ ಹಾಕಿ ಸುರಿ ಅಂತ ನನಗೆ ಯಾರೋ ಹೇಳಿದ್ದರು. ಪ್ರತಿ ಶನಿವಾರ ಹಂಡೆಯ ನೀರು ಕಾಯಿಸಿ ಬಿಂದಿಗೆಗಟ್ಟಲೆ ಸುರಿಯುತ್ತಿದ್ದೆ. ಅಕ್ಕ ನೋಡುತ್ತ ನಿಲ್ಲುವಳು. ಹುಣಸೆ ಬೀಜದ ಗಂಜಿಗೆ ಬಿಸಿನೀರು ಬಿದ್ದರೆ ಇನ್ನಷ್ಟು ಉಬ್ಬಿ ಗಟ್ಟಿಯಾಗುತ್ತದೆ ಅಂತ ಅವಳಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ.

ವರ್ಷಗಳು ಹೀಗೇ ಹೋದವು. ಅವ್ವ ಮೊಳಕಾಲ್ಮುರಿನಿಂದ ಕುಟ್ಟಿಸಿ ಕಳಿಸುತ್ತಿದ್ದ ಸೀಗೆಪುಡಿ ಬಿಟ್ಟೆ, ಶಾಂಪೂ ಪೊಟ್ಟಣಕ್ಕೆ ಬಂದೆ. ಅವ್ವನಿಗೆ ಹೇಳಲಿಲ್ಲ. ಪುಡಿಯ ಡಬ್ಬಗಳು ಅಟ್ಟದ ಮೇಲೆ ಕೂತವು. ಕಂದು ಮುದ್ದೆ ಬರುವುದು ನಿಲ್ಲಲಿಲ್ಲ. “ಹಳೇದು ಒಳಗೆ ಮೆತ್ಕಂಡೈತೆ, ಕರಗಾಕೆ ಟೈಮ್ ಬೇಕು” ಅಂದರು ಇವರು. ಅದನ್ನೂ ನಂಬಿದೆ.

ಒಂದು ಯುಗಾದಿಗೆ ನಾದಿನಿ, ಅವಳ ಗಂಡ ಬಂದಿದ್ದರು. ಎಣ್ಣೆನೀರು ಹಾಕಿಕೊಳ್ಳುವ ಹಬ್ಬ. ಮನೆಯ ಅಳಿಯ ಬಚ್ಚಲಿಗೆ ಹೋದವರು ಹಿಮ್ಮಡಿಯ ಮೇಲೆ ನಡೆದುಕೊಂಡು ಹೊರಗೆ ಬಂದರು. ಕಾಲ್ಗಂಟಿನವರೆಗೆ ನೀರು ನಿಂತಿತ್ತು, ಮೇಲೆ ಕಂದು ಕೆನೆ. “ಏನತ್ತೆ, ನಿಮ್ಮೂರಾಗೆ ನೀರಿಲ್ಲ ಅಂತಾರೆ, ನಿಮ್ಮನ್ಯಾಗೆ ಕೆರೇನೇ ಐತಲ್ಲ!” ಅಂದರು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಒಳಗೆ ಬಂದು, ಒಬ್ಬಟ್ಟು ಬೇಯಿಸುತ್ತಿದ್ದ ನನ್ನ ಬೆನ್ನಿಗೆ ಹೇಳಿದರು:

“ಮಾನ ಹೋತು. ನಿನ್ ಜಡೆ ಒಂದೋ, ನನ್ ಬಚ್ಚಲು ಒಂದೋ.”

ಇವರು ಹೊಸ್ತಿಲಲ್ಲೇ ನಿಂತಿದ್ದರು. ನಾನು ತಿರುಗಿ ಇವರ ಮುಖ ನೋಡಿದೆ. ಇವರು ಗೋಡೆಯ ಮೇಲಿನ ಗಡಿಯಾರ ನೋಡಿದರು.

ಗಂಡ ಇರುವ ಹೆಂಗಸು ಜಡೆ ಕತ್ತರಿಸಿಕೊಳ್ಳುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ದೇವರಿಗೆ ಹೊತ್ತುಕೊಂಡಿದ್ದರೆ ಬೇರೆ. ಬಚ್ಚಲಿಗಾಗಿ ಕತ್ತರಿಸಿದೆ ಅಂತ ಯಾರಿಗೆ ಹೇಳುವುದು? ನಮ್ಮ ಸೀಮೆಯ ದೇವತೆ ಗೌರಸಮುದ್ರದಮ್ಮನಿಗೆ ಹರಕೆ ಇತ್ತು ಅಂತ ಹೇಳೋಣ ಅಂತ ನಾನೇ ತೀರ್ಮಾನಿಸಿದೆ. ದೇವರ ಹೆಸರಿನಲ್ಲಿ ಸುಳ್ಳು ಹೇಳುತ್ತಿದ್ದೇನಲ್ಲ ಅಂತ ಭಯವಾಯಿತು. ತಪ್ಪುಕಾಣಿಕೆ ಇಟ್ಟರಾಯಿತು ಅಂದುಕೊಂಡೆ.

ಕತ್ತರಿಸಿದವಳು ಅಕ್ಕ. ನಾನೇ ಕೇಳಿಕೊಂಡೆ, ಬೇರೆಯವರ ಕೈ ತಲೆಗೆ ಬೇಡ ಅಂತ. ಕಂಬಳಿಯ ಅಂಚು ಕತ್ತರಿಸುವ ದೊಡ್ಡ ಕತ್ತರಿ ತಂದಳು. ಹಿತ್ತಲಲ್ಲಿ, ಒಗೆಯುವ ಕಲ್ಲಿನ ಮೇಲೆ ಕೂತೆ. ಬಿಸಿಲು ಚುರುಚುರು ಅನ್ನುತ್ತಿತ್ತು. ಜಡೆಯ ಬುಡಕ್ಕೂ ತುದಿಗೂ ದಾರ ಕಟ್ಟಿ, ಕುತ್ತಿಗೆಯ ಹತ್ತಿರ ಕತ್ತರಿ ಇಟ್ಟು ನಿಂತೇಬಿಟ್ಟಳು.

“ಬ್ಯಾಡ ಕಣೇ ಚೆಲ್ಲೀ.”

“ಕತ್ತರ್ಸಕ್ಕಾ. ಇದೊಂದು ಹೋದ್ರೆ ಮನಿ ತಣ್ಣಗಾಗ್ತೈತೆ.”

ಒಂದೇ ಸಲಕ್ಕೆ ಆಗಲಿಲ್ಲ. ನಾಲ್ಕೈದು ಸಲ ಕಚ್ಚಿಸಿ ಕಚ್ಚಿಸಿ ಕತ್ತರಿಸಿದಳು. ತಲೆ ಥಟ್ಟನೆ ಹಗುರಾಗಿ ಮುಂದಕ್ಕೆ ವಾಲಿತು. ತಿರುಗಿ ನೋಡಿದರೆ ಅಕ್ಕ ಅಳುತ್ತಿದ್ದಾಳೆ, ಮೂಗು ಕೆಂಪಾಗುವ ಹಾಗೆ. ಒಡಹುಟ್ಟಿದವಳೂ ಹೀಗೆ ಅಳಲಾರಳು ಅಂದುಕೊಂಡು ಅವಳ ಕಣ್ಣು ನಾನೇ ಒರೆಸಿದೆ.

ಜಡೆಯನ್ನು ಅವ್ವ ಕೊಟ್ಟಿದ್ದ ರೇಷ್ಮೆಯ ರವಿಕೆ ಕಣದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ. ಕೂದಲಿಗೆ ಪಾತ್ರೆ ಕೊಡುವವಳಿಗೆ ಕೊಡಲು ಮನಸ್ಸು ಬರಲಿಲ್ಲ. ಹರಕೆ ಸುಳ್ಳಾದ್ದರಿಂದ ದೇವರಿಗೂ ಕೊಡಲಾಗಲಿಲ್ಲ. ಸಂಜೆ ಇವರು ಮಿಲ್ಲಿನಿಂದ ಬಂದು ನನ್ನ ಕುತ್ತಿಗೆ ನೋಡಿ, “ಕೂದ್ಲು ತಾನೇ, ಬೆಳೀತೈತೆ ಬಿಡು” ಅಂದು ಕಾಫಿ ಕೇಳಿದರು.

ಎರಡು ತಿಂಗಳಿಗೆ ಮೊಳಕಾಲ್ಮುರಿನಲ್ಲಿ ಅಣ್ಣನ ಮನೆಯ ಗೃಹಪ್ರವೇಶ. ಎಲ್ಲರೂ ಹೋದೆವು, ಅತ್ತೆಯೂ. ಅವ್ವ ನನ್ನ ತಲೆ ನೋಡಿದಳು. ಹರಕೆ ಅಂದೆ. “ನಂಗೊಂದು ಮಾತು ಹೇಳ್ಬಾರ್ದಿತ್ತಾ” ಅಂದು, ಬಾಚಣಿಗೆ ಕೈಗೆ ತೆಗೆದುಕೊಂಡವಳು ಮತ್ತೆ ಗೂಡಿನಲ್ಲೇ ಇಟ್ಟಳು. ನಾಲ್ಕು ದಿನ ಇದ್ದು ವಾಪಸ್ಸು ಬಂದೆವು.

ಬೀಗ ತೆಗೆದು ಒಳಗೆ ಕಾಲಿಟ್ಟರೆ ಹುಳಿ ವಾಸನೆ. ಬಚ್ಚಲು ತುಂಬಿ, ಹೊಸ್ತಿಲು ದಾಟಿ, ಅಡಿಗೆಮನೆಯ ಬಾಗಿಲವರೆಗೂ ಕಂದು ನೀರು ಬಂದು ನಿಂತಿತ್ತು. ಇವರು ಕೈಚೀಲ ಕೆಳಗಿಟ್ಟವರೇ ತಂತಿ ಹುಡುಕಲು ಓಡಿದರು. ನಾನು ಸೀರೆ ಎತ್ತಿ ಹಿಡಿದು ಅಲ್ಲೇ ನಿಂತೆ. ನಾಲ್ಕು ದಿನ ಈ ಮನೆಯಲ್ಲಿ ಯಾರೂ ಒಂದು ಚೊಂಬು ನೀರು ಚೆಲ್ಲಿಲ್ಲ. ನಾನು ಇಲ್ಲ, ನನ್ನ ಕೂದಲಿಲ್ಲ. ಇದು ಯಾರ ನೀರು?

ಅವತ್ತು ಯಾರಿಗೂ ಏನೂ ಹೇಳಲಿಲ್ಲ. ಮೋರಿ ಬಿಡಿಸಿದ್ದಾಯಿತು. ಮುದ್ದೆಯಲ್ಲಿ ಈ ಸಲ ಒಂದೆಳೆ ಕೂದಲೂ ಇರಲಿಲ್ಲ. ಇವರು ಅದನ್ನು ತಾಯಿಗೆ ತೋರಿಸಲಿಲ್ಲ. ಕಾಗದದಲ್ಲಿ ಸುತ್ತಿ ತಿಪ್ಪೆಗೆ ಒಯ್ದರು.

ಮರುದಿನ ಅಕ್ಕನ ಗಂಜಿಯ ದಿನ. ಮಧ್ಯಾಹ್ನ ಅತ್ತೆ ಮಲಗಿದ್ದರು, ಮಗಳು ಶಾಲೆಗೆ ಹೋಗಿದ್ದಳು. ನಾನು ನಲ್ಲಿ ಬಿಗಿಯಾಗಿ ನಿಲ್ಲಿಸಿ, ಬಚ್ಚಲಲ್ಲಿ ಜಾಲರಿ ತೆಗೆದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಗೋಡೆಯ ಆಚೆ ಅಕ್ಕ ಕೊಳಗವನ್ನು ಕಲ್ಲಿನ ಮೇಲೆ ಎಳೆದದ್ದು ಕೇಳಿಸಿತು. ತೆಂಗಿನ ನಾರಿನಲ್ಲಿ ಉಜ್ಜಿದ್ದು ಕೇಳಿಸಿತು. ದಬದಬ ಅಂತ ಸುರಿದಳು. ನಾನು ಉಸಿರು ಬಿಟ್ಟು ಇನ್ನೊಂದು ಉಸಿರು ಎಳೆಯುವಷ್ಟರಲ್ಲಿ ನಮ್ಮ ಪೈಪಿನೊಳಗೆ ಗುಳಕ್ ಅಂತು. ಆಮೇಲೆ ಸುಯ್ಯನೆ ನೀರು ಓಡಿತು. ಬೆಚ್ಚಗಿನ ಹಬೆ ಮುಖಕ್ಕೆ ಬಡಿಯಿತು. ಹುರಿದ ಹುಣಸೆ ಬೀಜದ ವಾಸನೆ.

ಕೈ ಅಭ್ಯಾಸಬಲದಿಂದ ಜಡೆಯನ್ನು ಮುಂದಕ್ಕೆ ಎಳೆದುಕೊಳ್ಳಲು ಹೋಗಿ, ಬರೀ ಕುತ್ತಿಗೆ ಸಿಕ್ಕಿತು.

ಮನೆ ಕಟ್ಟಿದ ಗಾರೆ ಮೇಸ್ತ್ರಿ ಇನ್ನೂ ಊರಲ್ಲೇ ಇದ್ದ, ಮುದುಕನಾಗಿದ್ದ. ಭಾನುವಾರ, ಇವರು ಮನೆಯಲ್ಲಿರುವ ದಿನವೇ ಬೇಕೆಂದು ಕರೆಸಿದೆ. ಮೋರಿ ಒಡೆದು ನೋಡಬೇಕು ಅಂದೆ. ಇವರು, “ಏ, ಸುಮ್ನೆ ನೆಲ ಯಾಕೆ ಹಾಳ್ಮಾಡಸ್ತೀಯ” ಅಂತ ಎದ್ದರು. ಅತ್ತೆ ಹಿತ್ತಲ ಕಟ್ಟೆಯ ಮೇಲೆ ಕೂತು ಹುರುಳಿ ಕೇರುತ್ತಿದ್ದರು. ಮೇಸ್ತ್ರಿ ಹಾರೆ ಕೂಡ ಎತ್ತಲಿಲ್ಲ.

“ಒಡೆಯಾದೇನೈತೆ ತಾಯೀ, ನಾನೇ ಅಲ್ವಾ ಹಾಕಿದ್ದು? ಮೂರಿಂಚಿನ ಪೈಪು. ಒಂದು ಮನಿ ನೀರಿಗೇ ಸಣ್ದು. ಎಲ್ಡು ಮನಿ ನೀರು ಬಿಟ್ರೆ ಕಟ್ಕಳ್ದೆ ಇನ್ನೇನು ಮಾಡ್ತೈತೆ?”

“ಎಲ್ಡು ಮನೀದು?” ಅತ್ತೆಯ ಮೊರ ನಿಂತಿತು.

“ಹೂಂ ಕಣಮ್ಮೋರೆ, ಪಕ್ಕದ ಮನೇರ್ದು. ಗ್ವಾಡೆ ಕೆಳಗಿಂದ ಸೇರ್ಸಿದ್ದೀವಲ್ಲ. ಯಜಮಾನ್ರೇ ಜೊತೇಲಿ ನಿಂತು ಸಿಮೆಂಟು ಕಲಸಿ ಕೊಟ್ರು. ನೀವು ಮೊಮ್ಮಗಳ ತೊಟ್ಲಿಗೆ ಹೋಗಿದ್ರಿ, ಅವಾಗ.” ಆಮೇಲೆ ಎಲ್ಲರ ಮುಖ ನೋಡಿ, “ನಿಮ್ಗೆ ಗೊತ್ತಿರ್ಲಿಲ್ವಾ?” ಅಂದ.

ಅತ್ತೆ ಮಗನ ಕಡೆ ತಿರುಗಿದರು. “ಪಕ್ಕದ ಮನಿಯೋಳು ಬಂದ ಹೊಸ್ತರಲ್ಲಿ ನನ್ನೇ ಕೇಳಿದ್ಲು. ಮಂದಿ ಮನಿ ಎಂಜಲು ನೀರು ನಮ್ಮನಿ ಒಳಗೆ ಹಾಯಬಾರ್ದು, ಆಗಲ್ಲ ಅಂದಿದ್ದೆ. ಆಗಲ್ಲ ಅಂದಿದ್ದೆನೋ ಇಲ್ವೋ?”

“ಹಿಂದಿನ ಸೈಟಿನೋರು ಅವ್ರ ನೀರು ಬಿಡಾಕೆ ಒಪ್ಲಿಲ್ಲವ್ವ. ಅವಳ ಗಂಡ ಬಂದು ಕೈ ಮುಗಿದ. ಪಾಪ ಅನ್ನಿಸ್ತು.”

“ಅವ್ನನ್ನ ಕಂಡು ಪಾಪ ಅನ್ನಿಸ್ತು. ನಿನ್ ಹೆಂಡ್ತಿ ತಲಿ ಮ್ಯಾಲೆ ಕತ್ರಿ ಇಟ್ಟಾಗ ಏನನ್ನಿಸ್ತಲೇ?”

ಅತ್ತೆ ನನ್ನನ್ನು ನೋಡಿ, “ನಾನೇನು ಮಾಡ್ಲವ್ವ, ನನ್ ಕಣ್ಣಿಗೆ ತೋರಿಸಿದ್ದು ಕೂದ್ಲು” ಅಂದರು. ಅದೂ ನಿಜವೇ. ತೋರಿಸಿದವರು ಯಾರು ಅನ್ನುವುದೇ ನನ್ನ ಮನಸ್ಸಿನಲ್ಲಿ ಸುತ್ತುತ್ತಿತ್ತು. ಒಂಬತ್ತು ವರ್ಷ, ತಂತಿಯ ತುದಿಯಲ್ಲಿ ಮುದ್ದೆ ಬಂದಾಗಲೆಲ್ಲ ಅದು ಏನು ಅಂತ ಇವರಿಗೆ ಗೊತ್ತಿತ್ತು. ಗೊತ್ತಿದ್ದೂ ಅದರಲ್ಲಿ ಕೂದಲು ಹುಡುಕಿದ್ದರು.

ಮೇಸ್ತ್ರಿ ಅವತ್ತೇ ಅಗೆದು, ಆ ಕಡೆಯ ಪೈಪಿನ ಬಾಯಿಗೆ ಇಟ್ಟಿಗೆ ಇಟ್ಟು ಸಿಮೆಂಟು ಮೆತ್ತಿದ. ನಾನು ಅಕ್ಕನ ಮನೆಗೆ ಹೋದೆ. ಹಾರೆಯ ಸದ್ದು ಅವಳಿಗೂ ಕೇಳಿಸಿರುತ್ತದೆ. ಕದದ ಹಿಂದೆಯೇ ನಿಂತಿದ್ದಳು. ನಾನು ಕನ್ನಡದಲ್ಲೇ ಕೇಳಿದೆ. ಅವಳ ಜೊತೆ ತೆಲುಗು ಬಿಟ್ಟು ಮಾತಾಡಿದ್ದು ಅದೇ ಮೊದಲು.

“ನಿಂಗೆ ಗೊತ್ತಿತ್ತಾ ಅಕ್ಕಾ?”

“ಗೊತ್ತಿತ್ತು. ನಿಮ್ಮನೇರು ನನ್ ಮಗಳ ಮ್ಯಾಲೆ ಆಣೆ ಹಾಕ್ಸಿದ್ರು. ಹೇಳಿದ್ರೆ ನಿಮ್ಮತ್ತೆ ಪೈಪು ಮುಚ್ಚಸ್ತಾರೆ ಅಂದ್ರು. ಗಂಜಿ ನಿಲ್ಸಿದ್ರೆ ನಾವು ಏನು ತಿನ್ನಾಣ ಹೇಳು.”

“ಕತ್ರಿ ಹಿಡ್ದಾಗಾದ್ರೂ ಹೇಳ್ಬಹುದಿತ್ತಲ್ಲ.”

“ಬ್ಯಾಡ ಅಂದ್ನಲ್ಲ ಚೆಲ್ಲೀ.”

ಬೇಡ ಅಂದಿದ್ದಳು, ನಿಜ. ಅಳುತ್ತಲೂ ಇದ್ದಳು. ಆ ಅಳುವನ್ನು ನಾನು ನನ್ನ ಸೆರಗಿನಿಂದ ಒರೆಸಿದ್ದೆ. ಅಷ್ಟು ನೆನಪಾದದ್ದೇ ಹೊರಗೆ ಬಂದುಬಿಟ್ಟೆ. ಆಮೇಲೆ ಎಷ್ಟೋ ತಿಂಗಳು ಅವಳು ಗಂಜಿಯ ನೀರನ್ನು ಬಕೆಟಿನಲ್ಲಿ ಹೊತ್ತು ಬೀದಿಯ ಚರಂಡಿಗೆ ಸುರಿಯುವುದನ್ನು ಕಿಟಕಿಯಿಂದ ನೋಡಿದೆ. ಸೊಂಟ ಹಿಡಿದುಕೊಂಡು ನಿಲ್ಲುವಳು. ಖುಷಿಯಾಗಲಿಲ್ಲ. ಕಿಟಕಿ ಬಿಟ್ಟು ಬರಲೂ ಆಗುತ್ತಿರಲಿಲ್ಲ.

ಆ ವಾರ ಇವರು ನನ್ನ ಹಿಂದೆ ಮುಂದೆ ಸುಳಿದಾಡಿದರು. ಮಲ್ಲಿಗೆ ಹೂ ತಂದರು. ಮುಡಿಯಲು ಜಾಗ ಎಲ್ಲಿ ಅಂತ ತಂದ ಮೇಲೆ ಹೊಳೆದಿರಬೇಕು, ದೇವರ ಮುಂದೆ ಇಟ್ಟರು. “ಏನು ಮಾಡ್ಲಿ ಹೇಳು, ನೀ ಹೇಳ್ದಂಗೆ ಕೇಳ್ತೀನಿ” ಅಂದರು. ನಾನು ಟ್ರಂಕು ತೆಗೆದು ರೇಷ್ಮೆಯ ಗಂಟನ್ನು ಇವರ ಕೈಗಿಟ್ಟೆ.

“ಗೌರಸಮುದ್ರದಮ್ಮಂಗೆ ಹರಕೆ ಅಂತ ಊರಿಗೆಲ್ಲ ಸುಳ್ಳು ಹೇಳಿದ್ದೀನಿ. ಆ ಸುಳ್ಳು ನಂದಲ್ಲರೀ, ನಿಮ್ದು. ನೀವೇ ಹೋಗಿ ಒಪ್ಪಿಸಿ ಬನ್ನಿ. ಯಾಕೆ ಕತ್ತರಿಸಿದ್ದು ಅಂತಾನೂ ಅಮ್ಮನ ಮುಂದೆ ಬಾಯ್ಬಿಟ್ಟು ಹೇಳಿ ಬನ್ನಿ.”

ಶುಕ್ರವಾರ ಮಿಲ್ಲಿಗೆ ರಜ ಹಾಕಿ, ಗಂಟನ್ನು ಕೈಚೀಲದಲ್ಲಿಟ್ಟುಕೊಂಡು ಬೆಳಗಿನ ಬಸ್ಸಿಗೆ ಹೋದರು. ಮೂರು ಗಂಟೆಗೆ ಬಂದರು. ಚಪ್ಪಲಿ ಬಿಟ್ಟು, ಕಾಲು ತೊಳೆದು, ಖಾಲಿ ರೇಷ್ಮೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟರು.

“ಒಪ್ಪಿಸ್ದೆ.”

“ಹೇಳಿದ್ರಾ?”

“ಹೂಂ, ಎಲ್ಲಾ ಹೇಳ್ದೆ.”

ಜೇಬಿನಿಂದ ಕುಂಕುಮದ ಪೊಟ್ಟಣ ತೆಗೆದು ಕೊಟ್ಟರು. ಹಣೆಗೆ ಇಟ್ಟುಕೊಂಡೆ. ಮೋರಿ ಆಮೇಲೆ ಕಟ್ಟಿಕೊಳ್ಳಲಿಲ್ಲ. ಕೂದಲು ಭುಜದವರೆಗೆ ಬಂದು ನಿಂತುಬಿಟ್ಟಿತು. ಆ ಪೊಟ್ಟಣವನ್ನು ಇವತ್ತಿಗೂ ದೇವರ ಗೂಡಿನಲ್ಲಿಟ್ಟಿದ್ದೇನೆ. ಮಡಿಸಿದ ರೀತಿ, ಒಳಗಿನ ಹಳದಿ ಕಾಗದ ಎಲ್ಲ ನೋಡಿದ್ದೇನೆ. ಅಂಥದ್ದೇ ಪೊಟ್ಟಣ ಚಳ್ಳಕೆರೆಯ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೂ ಸಿಗುತ್ತದೆ.